ಹಸಿರು ಹೈಡ್ರೋಜನ್: ಸಾವಿರಾರು ಕೋಟಿಯ ಕನಸು, ಎರಡೂವರೆ ನ್ಯಾನೋಮೀಟರ್‌ನ ಕಣ

2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೈಡ್ರೋಜನ್ ಬಸ್ಸು, ಟ್ರಕ್ಕುಗಳ ಐದು ಪ್ರಾಯೋಗಿಕ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಒಟ್ಟು 37 ವಾಹನ, ಸುಮಾರು 208 ಕೋಟಿ ರೂಪಾಯಿ ನೆರವು. ‘ಹಸಿರು ಸಾರಿಗೆ’ ಅಂತ ಒಂದೇ ಸಾಲಿನಲ್ಲಿ ಬಂದುಹೋದ ಆ ಸುದ್ದಿಯೊಳಗೆ ಒಂದು ಲೆಕ್ಕ ಇತ್ತು. 37ರಲ್ಲಿ ಫ್ಯುಯೆಲ್ ಸೆಲ್‌ನಿಂದ ಓಡುವಂಥವು 15 ಮಾತ್ರ. ಉಳಿದ 22 ವಾಹನಗಳು ಹೈಡ್ರೋಜನ್ನನ್ನು ಎಂಜಿನ್ನಿನಲ್ಲಿ ಸುಡುವಂಥವು, ಇವತ್ತಿನ ಗಾಡಿಗಳು ಡೀಸೆಲ್ ಸುಡುವ ಹಾಗೆ.

ಸುಟ್ಟರೆ ಏನಾಯ್ತು, ಇಂಗಾಲದ ಹೊಗೆ ಇಲ್ವಲ್ಲ ಅನ್ನಬಹುದು. ನಿಜ. ಆದರೆ ಎಂಜಿನ್ನಿನ ಬಿಸಿಗೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಮೇಲಾಗಿ, ಅಷ್ಟೊಂದು ಕರೆಂಟು ಸುರಿದು ನೀರಿನಿಂದ ಬೇರ್ಪಡಿಸಿದ ಹೈಡ್ರೋಜನ್ನಿನ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರೀ ಶಾಖವಾಗಿ ಹೋಗುತ್ತದೆ.

ಹಾಗಿದ್ರೂ ಸುಡೋದು ಯಾಕೆ? ಕಾರಣಗಳು ಹಲವು, ದೊಡ್ಡದು ದುಡ್ಡು. ಇರುವ ಎಂಜಿನ್ನನ್ನೇ ಮಾರ್ಪಡಿಸಿಕೊಂಡರೆ ಅಗ್ಗ, ಫ್ಯುಯೆಲ್ ಸೆಲ್ ದುಬಾರಿ. ಫ್ಯುಯೆಲ್ ಸೆಲ್‌ನ ಬೇರೆ ಭಾಗಗಳೆಲ್ಲ ಉತ್ಪಾದನೆ ಹೆಚ್ಚಿದಂತೆ ಅಗ್ಗವಾಗಬಲ್ಲವು. ಆಗದೇ ಇರುವುದು ಒಂದೇ: ಅದರೊಳಗಿನ ಪ್ಲಾಟಿನಂ. ಕೊಳ್ಳುವವರು ಹೆಚ್ಚಾದರೆ ಅದರ ಬೆಲೆ ಏರುತ್ತದೆಯೇ ಹೊರತು ಇಳಿಯಲ್ಲ. ಹಸಿರು ಹೈಡ್ರೋಜನ್ ಬಗ್ಗೆ ನಡೆಯುವ ಭಾಷಣಗಳಲ್ಲಿ ಈ ಲೋಹದ ಹೆಸರು ಬರುವುದೇ ಅಪರೂಪ. ಆದರೆ ವಾಹನಗಳ ಮಟ್ಟಿಗೆ ಆ ಕನಸಿನ ಕೀಲಿ ಇರೋದು ಇಲ್ಲೇ.

ಸುಲಭದ ಅರ್ಧ, ಕಷ್ಟದ ಅರ್ಧ

ಫ್ಯುಯೆಲ್ ಸೆಲ್ ಹೊಸದೇನಲ್ಲ. 1839ರಲ್ಲೇ ವಿಲಿಯಂ ಗ್ರೋವ್ ಎಂಬ ವೇಲ್ಸ್ ದೇಶದ ವಕೀಲ-ವಿಜ್ಞಾನಿ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಸೇರಿಸಿ ಕರೆಂಟು ಹುಟ್ಟಿಸಿ ತೋರಿಸಿದ್ದ. ಅವನು ಬಳಸಿದ್ದೂ ಪ್ಲಾಟಿನಂ ಪಟ್ಟಿಗಳನ್ನೇ. 1965ರಲ್ಲಿ ಅಮೆರಿಕದ ಜೆಮಿನಿ-5 ಗಗನನೌಕೆಗೆ ಕರೆಂಟು ಕೊಟ್ಟಿದ್ದು ಇದೇ ಬಗೆಯ ಸೆಲ್. ಇವತ್ತಿನ ಹೈಡ್ರೋಜನ್ ಕಾರಿನೊಳಗೂ ಪ್ಲಾಟಿನಂ ಇದೆ. ಹೆಚ್ಚುಕಮ್ಮಿ ಎರಡು ಶತಮಾನವಾದರೂ ಅದನ್ನು ಕದಲಿಸಲು ಆಗಿಲ್ಲ.

ಕೆಲಸ ನಡೆಯುವುದು ಹೀಗೆ. ಮಧ್ಯದಲ್ಲಿ ಒಂದು ತೆಳ್ಳನೆಯ ಪೊರೆ. ಒಂದು ಬದಿಗೆ ಹೈಡ್ರೋಜನ್ ಬರುತ್ತದೆ, ಅಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ಪೊರೆ ಪ್ರೋಟಾನ್‌ಗಳಿಗೆ ಮಾತ್ರ ದಾರಿ ಬಿಡುತ್ತದೆ. ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತೇ ನಮಗೆ ಸಿಗುವ ಕರೆಂಟು. ಇನ್ನೊಂದು ಬದಿಯಲ್ಲಿ, ಅಂದ್ರೆ ಕ್ಯಾಥೋಡ್‌ನಲ್ಲಿ, ಗಾಳಿಯ ಆಮ್ಲಜನಕ ಈ ಪ್ರೋಟಾನ್, ಎಲೆಕ್ಟ್ರಾನ್‌ಗಳನ್ನು ಸೇರಿಸಿಕೊಂಡು ನೀರಾಗುತ್ತದೆ. ಹೊಗೆಕೊಳವೆಯಿಂದ ತೊಟ್ಟಿಕ್ಕುವುದು ಈ ನೀರು.

ಹೈಡ್ರೋಜನ್ ಒಡೆಯುವುದು ಸುಲಭದ ಅರ್ಧ. ಪ್ಲಾಟಿನಂ ಸೋಕಿದರೆ ಸಾಕು, ಚಿಟಿಕೆ ಹೊಡೆದ ಹಾಗೆ ಆಗಿಬಿಡುತ್ತದೆ. ಕಷ್ಟ ಇರೋದು ಆಮ್ಲಜನಕದ ಕಡೆ. ಅದರ ಎರಡು ಪರಮಾಣುಗಳ ನಡುವೆ ಗಟ್ಟಿಯಾದ ಜೋಡಿ ಬಂಧ ಇದೆ. ಅದನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನ್ ಮತ್ತು ನಾಲ್ಕು ಪ್ರೋಟಾನ್‌ಗಳನ್ನು ಒಂದೊಂದಾಗಿ ಕೂರಿಸಬೇಕು. ಮಧ್ಯದಲ್ಲಿ ಎರಡಕ್ಕೇ ನಿಂತರೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದು ಪೊರೆಯನ್ನೇ ತಿನ್ನುತ್ತದೆ. ರಸಾಯನಶಾಸ್ತ್ರದ ಭಾಷೆಯಲ್ಲಿ ಇದು ಆಮ್ಲಜನಕದ ಅಪಕರ್ಷಣ ಕ್ರಿಯೆ. ಹೈಡ್ರೋಜನ್ ಒಡೆಯುವುದಕ್ಕೆ ಹೋಲಿಸಿದರೆ ಲಕ್ಷಾಂತರ ಪಟ್ಟು ನಿಧಾನ.

ಪುಸ್ತಕದ ಲೆಕ್ಕದ ಪ್ರಕಾರ ಒಂದು ಸೆಲ್‌ನಿಂದ 1.23 ವೋಲ್ಟ್ ಸಿಗಬೇಕು. ಗಾಡಿ ಓಡುವಾಗ ನಿಜಕ್ಕೂ ಸಿಗೋದು 0.6ರಿಂದ 0.7 ವೋಲ್ಟ್. ಹೋದ ಪಾಲಿನಲ್ಲಿ ದೊಡ್ಡದನ್ನು ನುಂಗುವುದು ಈ ಕ್ಯಾಥೋಡ್. ಅದಕ್ಕೇ ಸೆಲ್‌ನೊಳಗಿನ ಪ್ಲಾಟಿನಂನ ಬಹುಪಾಲು ಈ ಬದಿಯಲ್ಲೇ ಇರುತ್ತದೆ.

ದರ್ಶಿನಿ ಹೋಟೆಲ್ಲಿನ ಲೆಕ್ಕ

ಪ್ಲಾಟಿನಂನಲ್ಲಿ ಅಂಥದ್ದೇನಿದೆ? ಒಂದು ದರ್ಶಿನಿ ಹೋಟೆಲ್ ಕಲ್ಪಿಸಿಕೊಳ್ಳಿ. ಗಿರಾಕಿ ಬಾಗಿಲಲ್ಲೇ ಇಣುಕಿ ಹೋದರೆ ವ್ಯಾಪಾರ ಆಗಲ್ಲ. ಇಡ್ಲಿ ತಿಂದು ಕಾಫಿ ಕುಡಿದವನು ಪೇಪರ್ ಬಿಚ್ಚಿಕೊಂಡು ಟೇಬಲ್ ಬಿಟ್ಟು ಕದಲದಿದ್ದರೂ ಆಗಲ್ಲ. ಬರಬೇಕು, ತಿನ್ನಬೇಕು, ಜಾಗ ಬಿಡಬೇಕು.

ವೇಗವರ್ಧಕ, ಅಂದ್ರೆ ಕ್ಯಾಟಲಿಸ್ಟ್, ಕೆಲಸ ಮಾಡುವುದೂ ಹೀಗೇ. ಅದರ ಮೇಲ್ಮೈನ ಪರಮಾಣುಗಳೇ ಟೇಬಲ್‌ಗಳು. ಆಮ್ಲಜನಕ ಬಂದು ಕೂರಬೇಕು, ನೀರಾಗಿ ಎದ್ದುಹೋಗಬೇಕು. ಚಿನ್ನ ಆಮ್ಲಜನಕವನ್ನು ಹತ್ತಿರಕ್ಕೇ ಸೇರಿಸಲ್ಲ, ಅದಕ್ಕೇ ಅದು ಮಾಸುವುದಿಲ್ಲ. ಕಬ್ಬಿಣ ಹಿಡಿದರೆ ಬಿಡಲ್ಲ, ನಾವದನ್ನು ತುಕ್ಕು ಅಂತೀವಿ. ಹಿಡಿತ ಹದವಾಗಿರಬೇಕು ಅನ್ನುವ ಈ ಸೂತ್ರಕ್ಕೆ ಫ್ರಾನ್ಸಿನ ಪಾಲ್ ಸಬಾಟಿಯೆ ಹೆಸರಿದೆ. 1912ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡವರಲ್ಲಿ ಅವನೊಬ್ಬ.

2004ರಲ್ಲಿ ಡೆನ್ಮಾರ್ಕಿನ ಯೆನ್ಸ್ ನೋರ್ಸ್ಕೋವ್ ಮತ್ತು ಸಂಗಡಿಗರು ಕಂಪ್ಯೂಟರ್ ಲೆಕ್ಕ ಹಾಕಿ ಬೇರೆ ಬೇರೆ ಲೋಹಗಳ ಹಿಡಿತವನ್ನು ಒಂದು ನಕ್ಷೆಯಲ್ಲಿ ಇಟ್ಟರು. ಅದು ಬೆಟ್ಟದ ಆಕಾರದಲ್ಲಿ ಬಂತು. ಎಡಕ್ಕೆ ಬಿಡದೇ ಹಿಡಿಯುವ ಲೋಹಗಳು, ಬಲಕ್ಕೆ ಹಿಡಿಯಲೇ ಒಲ್ಲದವು. ತುದಿಗೆ ಅತಿ ಹತ್ತಿರ ಪ್ಲಾಟಿನಂ. ಆದರೆ ಸರಿಯಾಗಿ ತುದಿಯಲ್ಲಿಲ್ಲ! ಅದರ ಹಿಡಿತ ಇರಬೇಕಾದ್ದಕ್ಕಿಂತ ಒಂಚೂರು ಜಾಸ್ತಿ. ಆ ಒಂಚೂರನ್ನು ಸಡಿಲಿಸುವ ಪ್ರಯತ್ನದಲ್ಲೇ ಜಗತ್ತಿನ ನೂರಾರು ಲ್ಯಾಬುಗಳು ತೊಡಗಿವೆ.

ಪ್ಲಾಟಿನಂಗೆ ಇನ್ನೊಂದು ಗುಣವೂ ಇದೆ. ಸೆಲ್‌ನೊಳಗಿನ ಪೊರೆ ತೀವ್ರ ಆಮ್ಲೀಯ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಅಲ್ಲಿ ಕರಗಿಹೋಗುತ್ತವೆ. ಪ್ಲಾಟಿನಂ ಬಹುಮಟ್ಟಿಗೆ ತಡೆದುಕೊಂಡು ನಿಲ್ಲುತ್ತದೆ.

ಒಂದು ಗ್ರಾಂನಲ್ಲಿ ಒಂದು ಸೈಟ್

ಕ್ರಿಯೆ ನಡೆಯುವುದು ಮೇಲ್ಮೈನಲ್ಲಿ ಮಾತ್ರ. ಒಳಗಿರುವ ಪರಮಾಣುಗಳು ದುಬಾರಿ ಬಾಡಿಗೆ ಕೊಟ್ಟು ಸುಮ್ಮನೆ ಕೂತಿರುವಂಥವು. ಒಂದು ಗ್ರಾಂ ಪ್ಲಾಟಿನಂ ಅನ್ನು ಒಂದೇ ಘನಾಕೃತಿಯ ತುಂಡಾಗಿ ಇಟ್ಟರೆ ಅದರ ಬದಿ ನಾಲ್ಕು ಮಿಲಿಮೀಟರ್ ಕೂಡ ಇರಲ್ಲ. ಆರೂ ಮುಖ ಸೇರಿಸಿದರೆ ಒಂದು ಚದರ ಸೆಂಟಿಮೀಟರ್‌ಗಿಂತ ಕಡಿಮೆ.

ಅದೇ ಒಂದು ಗ್ರಾಂ ಅನ್ನು ಎರಡೂವರೆ ನ್ಯಾನೋಮೀಟರ್‌ನ ಕಣಗಳಾಗಿ ಒಡೆದರೆ? ತಲೆಗೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲಿನಷ್ಟು ಗಾತ್ರ ಅದು. ಪ್ಲಾಟಿನಂ ಸಾಂದ್ರತೆ ಹಿಡಿದು ಲೆಕ್ಕ ಹಾಕಿದರೆ ಸಿಗುವ ಒಟ್ಟು ಮೇಲ್ಮೈ ಸುಮಾರು 112 ಚದರ ಮೀಟರ್. ಅಂದ್ರೆ 1,200 ಚದರ ಅಡಿ, ಸರಿಯಾಗಿ ಒಂದು 30x40 ಸೈಟ್! ಉಗುರಿಗಿಂತ ಚಿಕ್ಕ ತುಂಡು ಒಂದು ಮನೆ ಕಟ್ಟುವ ಜಾಗವಾಗಿ ಹರಡಿಕೊಂಡಿತು. ಲೋಹ ಒಂದು ಗುಂಜಿಯೂ ಹೆಚ್ಚಾಗಲಿಲ್ಲ.

ಈ ವಿದ್ಯೆಯೇ ಫ್ಯುಯೆಲ್ ಸೆಲ್ ಅನ್ನು ಗಗನನೌಕೆಯಿಂದ ರಸ್ತೆಗಿಳಿಸಿದ್ದು. ಒಂದು ಕಾಲಕ್ಕೆ ಪ್ರತಿ ಚದರ ಸೆಂಟಿಮೀಟರ್‌ಗೆ 4 ಮಿಲಿಗ್ರಾಂ ಪ್ಲಾಟಿನಂ ಬಳಿಯುತ್ತಿದ್ದರು. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ನಡೆದ ಕೆಲಸ ಅದನ್ನು ಹತ್ತನೇ ಒಂದಕ್ಕಿಂತ ಕೆಳಗೆ ತಂದಿತು. ಅವರು ಮಾಡಿದ್ದು ಇಷ್ಟು: ಇಂಗಾಲದ ಪುಡಿಯ ಮೇಲೆ ಕೂರಿಸಿದ ನ್ಯಾನೋಕಣಗಳನ್ನು ಪೊರೆಯದೇ ವಸ್ತುವಿನ ದ್ರಾವಣದಲ್ಲಿ ಕಲಸಿ, ಇಂಕಿನಂತೆ ತೆಳ್ಳಗೆ ಬಳಿದರು. ಪ್ರತಿ ಕಣಕ್ಕೂ ಆಮ್ಲಜನಕ, ಪ್ರೋಟಾನ್, ಎಲೆಕ್ಟ್ರಾನ್ ಮೂರೂ ತಲುಪುವ ಹಾಗಾಯಿತು.

ಹಾಗಂತ ಚಿಕ್ಕದಾದಷ್ಟೂ ಒಳ್ಳೆಯದು ಅಂತಲ್ಲ. ಎರಡು ನ್ಯಾನೋಮೀಟರ್‌ಗಿಂತ ಕೆಳಗೆ ಹೋದರೆ ಕಣದಲ್ಲಿ ಸಮತಟ್ಟು ಜಾಗ ಕಮ್ಮಿಯಾಗಿ ಅಂಚು, ಮೂಲೆಗಳೇ ಜಾಸ್ತಿಯಾಗುತ್ತವೆ. ಮೂಲೆಯ ಪರಮಾಣುಗಳು ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಮತ್ತೆ ಅದೇ ಪೇಪರ್ ಓದುವ ಗಿರಾಕಿಯ ಸಮಸ್ಯೆ.

ನಿಕ್ಕಲ್, ಕೋಬಾಲ್ಟ್ ಜೊತೆಗಿನ ಸಂಸಾರ

ಹಿಡಿತ ಸಡಿಲಿಸಲು ಕಂಡುಕೊಂಡ ದಾರಿ ಮಿಶ್ರಲೋಹ. ನಿಕ್ಕಲ್, ಕೋಬಾಲ್ಟ್ ಪರಮಾಣುಗಳು ಪ್ಲಾಟಿನಂಗಿಂತ ಚಿಕ್ಕವು. ಇವು ಕೆಳಗಿನ ಪದರದಲ್ಲಿ ಸೇರಿಕೊಂಡರೆ ಮೇಲಿನ ಪ್ಲಾಟಿನಂ ಪರಮಾಣುಗಳು ಒತ್ತೊತ್ತಾಗಿ ಕೂರಬೇಕಾಗುತ್ತದೆ, ಅವುಗಳ ಎಲೆಕ್ಟ್ರಾನ್ ವ್ಯವಸ್ಥೆಯೂ ಬದಲಾಗುತ್ತದೆ. ಆಮ್ಲಜನಕದ ಮೇಲಿನ ಹಿಡಿತ ಸಡಿಲವಾಗುತ್ತದೆ. ಲೋಹವೂ ಉಳಿತಾಯ, ವೇಗವೂ ಹೆಚ್ಚು.

2007ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ವೊಯಿಸ್ಲಾವ್ ಸ್ಟಮೆಂಕೊವಿಚ್, ನೆನಾದ್ ಮಾರ್ಕೊವಿಚ್ ಮತ್ತು ಸಂಗಡಿಗರು ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಇರುವ ಹರಳಿನ ಒಂದು ನಿರ್ದಿಷ್ಟ ಮುಖ, ಅಂಥದ್ದೇ ಶುದ್ಧ ಪ್ಲಾಟಿನಂ ಮುಖಕ್ಕಿಂತ 10 ಪಟ್ಟು ಚುರುಕು ಅಂತ ತೋರಿಸಿದರು. ಆಗಿನ ಸಾಮಾನ್ಯ ಪ್ಲಾಟಿನಂ-ಇಂಗಾಲಕ್ಕಿಂತ 90 ಪಟ್ಟು. 2014ರಲ್ಲಿ ಪೀಡಾಂಗ್ ಯಾಂಗ್ ಮತ್ತು ಸ್ಟಮೆಂಕೊವಿಚ್ ತಂಡಗಳು ಕಣದ ಒಳಗನ್ನೇ ಟೊಳ್ಳು ಮಾಡಿ, ಬರೀ ಚೌಕಟ್ಟು ಉಳಿಸಿಕೊಂಡ ‘ನ್ಯಾನೋಫ್ರೇಮ್’ ತಯಾರಿಸಿದವು. ಲ್ಯಾಬ್ ಅಳತೆಯಲ್ಲಿ ಗ್ರಾಂ ಪ್ಲಾಟಿನಂಗೆ 36 ಪಟ್ಟು ಚುರುಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಮಿರಾಯ್ ಕಾರಿನೊಳಗೆ ಪ್ಲಾಟಿನಂ-ಕೋಬಾಲ್ಟ್ ಕಣಗಳಿದ್ದವು.

36 ಪಟ್ಟು ಅಂದ ಮೇಲೆ ಸಮಸ್ಯೆ ಮುಗಿಯಬೇಕಿತ್ತಲ್ವಾ? ಮುಗಿಯಲಿಲ್ಲ. ಲ್ಯಾಬಿನಲ್ಲಿ ಈ ಅಳತೆ ನಡೆಯುವುದು ದ್ರಾವಣದಲ್ಲಿ ತಿರುಗುವ ಒಂದು ಪುಟ್ಟ ಬಿಲ್ಲೆಯ ಮೇಲೆ. ನಿಜವಾದ ಸೆಲ್‌ನಲ್ಲಿ ಬಿಸಿ, ತೇವ, ಒತ್ತಡ, ಗಾಳಿ ತಲುಪುವ ದಾರಿ ಎಲ್ಲವೂ ಬೇರೆ. ಬಿಲ್ಲೆಯ ಮೇಲಿನ ಪವಾಡಗಳಲ್ಲಿ ಹೆಚ್ಚಿನವು ಸೆಲ್‌ನೊಳಗೆ ಬರುವಷ್ಟರಲ್ಲಿ ಬಾಡಿಹೋಗುತ್ತವೆ.

ಬಾಳಿಕೆಯದು ಇನ್ನೊಂದು ತಲೆನೋವು. ಬಸ್ಸು ನಿಂತು ಹೊರಡುವಾಗ, ವೇಗ ಏರಿಳಿಯುವಾಗ ವೋಲ್ಟೇಜ್ ಏರಿಳಿಯುತ್ತದೆ. ಪ್ರತಿ ಏರಿಳಿತಕ್ಕೂ ಸ್ವಲ್ಪ ಪ್ಲಾಟಿನಂ ಕರಗುತ್ತದೆ. ಚಿಕ್ಕ ಕಣಗಳಿಂದ ಕರಗಿದ್ದು ಹೋಗಿ ದೊಡ್ಡ ಕಣಗಳ ಮೇಲೆ ಕೂರುತ್ತದೆ. ಚಿಕ್ಕವು ಮಾಯವಾಗುತ್ತವೆ, ದೊಡ್ಡವು ಕೊಬ್ಬುತ್ತವೆ. ನಮ್ಮ ಆರ್ಥಿಕತೆಯ ಕಥೆ ಇದ್ದ ಹಾಗಿದೆ ಅಂತ ನಿಮಗನ್ನಿಸಿದರೆ ತಪ್ಪಿಲ್ಲ. ಮಿಶ್ರಲೋಹದ ನಿಕ್ಕಲ್, ಕೋಬಾಲ್ಟ್ ಸೋರಿಹೋಗಿ ಪೊರೆಯನ್ನು ಸೇರುತ್ತವೆ. ಆಧಾರಕ್ಕಿಟ್ಟ ಇಂಗಾಲವೂ ಸವೆಯುತ್ತದೆ. ಅದಕ್ಕೇ ಅಮೆರಿಕದ ಇಂಧನ ಇಲಾಖೆ ಕ್ಯಾಟಲಿಸ್ಟ್‌ಗಳಿಗೆ ಗುರಿ ಇಡುವಾಗ ಚುರುಕನ್ನು ಮಾತ್ರ ನೋಡಲಿಲ್ಲ. 30,000 ಏರಿಳಿತಗಳ ನಂತರವೂ ಚುರುಕು ಶೇ. 40ಕ್ಕಿಂತ ಹೆಚ್ಚು ಕುಸಿದಿರಬಾರದು ಅಂತಲೂ ಹೇಳಿತು.

ಈ ಲೋಹ ಬರೋದು ಎಲ್ಲಿಂದ?

ಜಗತ್ತಿನ ಗಣಿಗಳಿಂದ ವರ್ಷಕ್ಕೆ ಹೊರಬರುವ ಪ್ಲಾಟಿನಂ ಸುಮಾರು 180 ಟನ್. ಅದರಲ್ಲಿ ಹತ್ತಿರ ಹತ್ತಿರ ಶೇ. 70 ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಶಿಲಾಸಮೂಹದಿಂದ. ಉಳಿದದ್ದರಲ್ಲಿ ದೊಡ್ಡ ಪಾಲು ರಷ್ಯಾ, ಜಿಂಬಾಬ್ವೆಗಳದ್ದು.

ಚದರ ಸೆಂಟಿಮೀಟರ್‌ಗೆ 0.3 ಮಿಲಿಗ್ರಾಂ ಪ್ಲಾಟಿನಂ, ಅಷ್ಟೇ ಜಾಗದಿಂದ ಒಂದು ವ್ಯಾಟ್ ಕರೆಂಟು ಅಂತ ಹಿಡಿದರೆ, 100 ಕಿಲೋವ್ಯಾಟ್‌ನ ಗಾಡಿಗೆ 30 ಗ್ರಾಂ ಬೇಕು. ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ ವಾಹನಗಳು 9 ಕೋಟಿಗೂ ಹೆಚ್ಚು. ಅದರಲ್ಲಿ ಹತ್ತನೇ ಒಂದು ಭಾಗ ಫ್ಯುಯೆಲ್ ಸೆಲ್ ಆದರೂ 270 ಟನ್ ಪ್ಲಾಟಿನಂ ಬೇಕಾಗುತ್ತದೆ. ಭೂಮಿಯಿಂದ ಬರುವ ಅಷ್ಟೂ ಪ್ಲಾಟಿನಂ ಸಾಲಲ್ಲ!

ಈ 30 ಗ್ರಾಂ ಹಿಂದೆ ಮನುಷ್ಯರಿದ್ದಾರೆ. ಒಂದು ಟನ್ ಅದಿರಿನಲ್ಲಿ ಸಿಗೋದು ಕೆಲವೇ ಗ್ರಾಂ, ಅಂದ್ರೆ ಒಂದು ಬಸ್ಸಿಗೆ ಅಂದಾಜು ಹತ್ತು ಟನ್ ಬಂಡೆ. ಅದನ್ನು ಕೊರೆಯುವವರು ನೆಲದಾಳದ ಕಿರಿದಾದ ಸುರಂಗಗಳಲ್ಲಿ ಡ್ರಿಲ್ ಹಿಡಿದು ನಿಲ್ಲುವ ಕಾರ್ಮಿಕರು. 2012ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಮರಿಕಾನಾದಲ್ಲಿ, ಲಾನ್‌ಮಿನ್ ಕಂಪನಿಯ ಪ್ಲಾಟಿನಂ ಗಣಿ ಕಾರ್ಮಿಕರು ತಿಂಗಳಿಗೆ 12,500 ರ‍್ಯಾಂಡ್ ಕೂಲಿ ಕೇಳಿ ಮುಷ್ಕರ ಹೂಡಿದರು. ಆಗಸ್ಟ್ 16ರಂದು ಪೊಲೀಸರ ಗುಂಡಿಗೆ 34 ಮಂದಿ ಬಲಿಯಾದರು. ವರ್ಣಭೇದ ನೀತಿ ಕೊನೆಗೊಂಡ ಮೇಲೆ ಆ ದೇಶ ಕಂಡ ಅತಿ ದೊಡ್ಡ ಪೊಲೀಸ್ ಹತ್ಯಾಕಾಂಡ ಅದು. ‘ಶುದ್ಧ ಇಂಧನ’ ಅನ್ನುವ ಮಾತಿನ ಪಕ್ಕದಲ್ಲಿ ಈ ದಿನಾಂಕವೂ ಇರಬೇಕು.

ನಮ್ಮಲ್ಲಿ ಪ್ಲಾಟಿನಂ ಇಲ್ವಾ? ಇದೆ ಅನ್ನುವಷ್ಟು ಇದೆ. ಭಾರತೀಯ ಗಣಿ ಬ್ಯೂರೊದ ವಾರ್ಷಿಕ ಪುಸ್ತಕಗಳು ಹಲವು ವರ್ಷ ಕೊಟ್ಟ ಲೆಕ್ಕದಲ್ಲಿ, ಪ್ಲಾಟಿನಂ ಗುಂಪಿನ ಎಲ್ಲ ಲೋಹಗಳೂ ಸೇರಿ ದೇಶದ ಸಂಪನ್ಮೂಲ 15.7 ಟನ್. ಅದರಲ್ಲಿ 14.2 ಟನ್ ಒಡಿಶಾದಲ್ಲಿ, ಉಳಿದ 1.5 ಟನ್ ನಮ್ಮ ದಾವಣಗೆರೆ ಜಿಲ್ಲೆ ಚನ್ನಗಿರಿ ಸೀಮೆಯ ಹನುಮಲಾಪುರದಲ್ಲಿ. ಅಷ್ಟನ್ನೂ ಅಗೆದು ತೆಗೆದರೂ ಜಗತ್ತಿನ ಒಂದು ವರ್ಷದ ಉತ್ಪಾದನೆಯ ಹತ್ತನೇ ಒಂದಕ್ಕಿಂತ ಕಡಿಮೆ. 2023ರಲ್ಲಿ ಕೇಂದ್ರ ಪ್ರಕಟಿಸಿದ 30 ‘ನಿರ್ಣಾಯಕ ಖನಿಜ’ಗಳ ಪಟ್ಟಿಯಲ್ಲಿ ಪ್ಲಾಟಿನಂ ಗುಂಪು ಇರುವುದು ಸುಮ್ಮನೆ ಅಲ್ಲ.

ಒಂದು ಸಮಾಧಾನ: ಪೆಟ್ರೋಲ್ ಸುಟ್ಟರೆ ಹೋಯಿತು, ಪ್ಲಾಟಿನಂ ಹೋಗಲ್ಲ. ಹಳೆಯ ಸೆಲ್‌ನಿಂದ ಬಹುಪಾಲನ್ನು ವಾಪಸ್ ತೆಗೆಯಬಹುದು. ಹಾಗಾಗಿ ಇಲ್ಲಿ ಅವಲಂಬನೆ ಕಡಿಮೆ ಮಾಡುವ ದಾರಿಗಳು ಮೂರು: ಕಡಿಮೆ ಬಳಸುವುದು, ಹಳೆಯದನ್ನು ಮರಳಿ ಪಡೆಯುವುದು, ಅಥವಾ ಪ್ಲಾಟಿನಂ ಇಲ್ಲದೆಯೇ ಕೆಲಸ ಮುಗಿಸುವುದು.

ನಮ್ಮ ಮೈಯೊಳಗೆ ಪ್ಲಾಟಿನಂ ಇಲ್ಲ

ಮೂರನೆಯದು ಅಸಾಧ್ಯ ಅಂತ ಹೇಳಲು ಆಗಲ್ಲ. ಯಾಕಂದ್ರೆ ನೀವು ಈ ಸಾಲು ಓದುವಾಗಲೂ ನಿಮ್ಮ ಜೀವಕೋಶಗಳು ಇದೇ ಕ್ರಿಯೆ ನಡೆಸುತ್ತಿವೆ. ಉಸಿರಾಡಿದ ಆಮ್ಲಜನಕಕ್ಕೆ ನಾಲ್ಕು ಎಲೆಕ್ಟ್ರಾನ್ ಕೊಟ್ಟು ನೀರು ಮಾಡುವ ಕಿಣ್ವ ನಮ್ಮೊಳಗಿದೆ. ಅದು ಬಳಸುವುದು ಕಬ್ಬಿಣ ಮತ್ತು ತಾಮ್ರ.

ವಿಜ್ಞಾನಿಗಳು ಇದೇ ಜಾಡು ಹಿಡಿದಿದ್ದಾರೆ. 1964ರಲ್ಲಿ ರೇಮಂಡ್ ಜಾಸಿನ್‌ಸ್ಕಿ, ಕೋಬಾಲ್ಟ್ ಇರುವ ಒಂದು ಬಣ್ಣದ ಅಣು ಕ್ಷಾರೀಯ ಸೆಲ್‌ನಲ್ಲಿ ಈ ಕೆಲಸ ಮಾಡಬಲ್ಲದು ಅಂತ ತೋರಿಸಿದರು. 2009ರಲ್ಲಿ ಕೆನಡಾದ ಜಾನ್-ಪಾಲ್ ದೊಡ್ಲೆ ತಂಡದ ಕಬ್ಬಿಣ-ಸಾರಜನಕ-ಇಂಗಾಲದ ಕ್ಯಾಟಲಿಸ್ಟ್, ಪ್ಲಾಟಿನಂ ಜೊತೆ ಹೋಲಿಸಬಹುದಾದಷ್ಟು ಚುರುಕು ತೋರಿಸಿತು. ತೊಡಕು ಮತ್ತೆ ಬಾಳಿಕೆಯದ್ದೇ. ಪೆರಾಕ್ಸೈಡ್ ಮತ್ತು ಕಬ್ಬಿಣ ಎದುರಾದರೆ ಹುಟ್ಟುವ ಕಣಗಳು ಕ್ಯಾಟಲಿಸ್ಟನ್ನೂ ಪೊರೆಯನ್ನೂ ಕಡಿದು ಹಾಕುತ್ತವೆ. ಜೀವಕೋಶ ತನ್ನ ಕಿಣ್ವ ಹಾಳಾದರೆ ಹೊಸದು ಕಟ್ಟಿಕೊಳ್ಳುತ್ತದೆ. ಬಸ್ಸಿಗೆ ಆ ವಿದ್ಯೆ ಇಲ್ಲ. ಆಮ್ಲೀಯ ಪೊರೆಯ ಬದಲು ಕ್ಷಾರೀಯ ಪೊರೆ ಬಳಸಿದರೆ ಅಗ್ಗದ ಲೋಹಗಳು ಕರಗದೆ ಉಳಿಯುತ್ತವೆ, ಆದರೆ ಅಂಥ ಪೊರೆಗಳಿಗೇ ಬಾಳಿಕೆ ಕಮ್ಮಿ.

ದುಡ್ಡು ಎಲ್ಲಿ ಹೋಗುತ್ತಿದೆ?

ಎಲ್ಲ ಗಾಡಿಗೂ ಹೈಡ್ರೋಜನ್ ಬೇಕಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಕಾರು, ಸ್ಕೂಟರ್, ಸಿಟಿ ಬಸ್ಸಿನ ಮಟ್ಟಿಗೆ ಬ್ಯಾಟರಿ ಗೆದ್ದಾಗಿದೆ. ಅದೇ ಕರೆಂಟಿನಲ್ಲಿ ಬ್ಯಾಟರಿ ಗಾಡಿ ಎರಡು ಪಟ್ಟಿಗೂ ಹೆಚ್ಚು ದೂರ ಹೋಗುತ್ತದೆ. ಫ್ಯುಯೆಲ್ ಸೆಲ್‌ಗೆ ಉಳಿದಿರುವ ಜಾಗ ಭಾರದ ಟ್ರಕ್ಕು, ದೂರದ ಓಡಾಟ, ಹಡಗು, ಬಾಹ್ಯಾಕಾಶದಂಥವು. ಅಲ್ಲಿ ಬಾಳಿಕೆಯೇ ಎಲ್ಲ.

2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ಹೈಡ್ರೋಜನ್ ಮತ್ತು ಎಲೆಕ್ಟ್ರೊಲೈಸರ್ ತಯಾರಿಸುವವರಿಗೆ ಪ್ರೋತ್ಸಾಹಧನ. ಪ್ರಾಯೋಗಿಕ ಯೋಜನೆಗಳಿಗೆ 1,466 ಕೋಟಿ. ಸಂಶೋಧನೆಗೆ 400 ಕೋಟಿ. ಅಂದ್ರೆ ನೂರಕ್ಕೆ ಎರಡು ರೂಪಾಯಿ. ಅದರಲ್ಲೇ ಹೈಡ್ರೋಜನ್ ತಯಾರಿಕೆ, ಸಂಗ್ರಹ, ಬಳಕೆ ಎಲ್ಲದರ ಸಂಶೋಧನೆಯೂ ನಡೆಯಬೇಕು.

ದೇಶದಲ್ಲಿ ಬಲ್ಲವರಿಲ್ಲ ಅಂತೇನಿಲ್ಲ. 2022ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಸಿಎಸ್‌ಐಆರ್ ಮತ್ತು ಕೆಪಿಐಟಿ ಸೇರಿ ಕಟ್ಟಿದ ಫ್ಯುಯೆಲ್ ಸೆಲ್ ಬಸ್ಸು ಹೊರಬಂತು. 2024ರ ಜನವರಿಯಲ್ಲಿ ಇಸ್ರೋ, ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಕೂರಿಸಿದ ಫ್ಯುಯೆಲ್ ಸೆಲ್‌ನಿಂದ ಕಕ್ಷೆಯಲ್ಲೇ 180 ವ್ಯಾಟ್ ಕರೆಂಟು ತೆಗೆಯಿತು. ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಗಳಲ್ಲಿ ಇಂಥ ಕ್ಯಾಟಲಿಸ್ಟ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಈ ಕೆಲಸದ ಬೆನ್ನೆಲುಬು ಪಿಎಚ್‌ಡಿ ವಿದ್ಯಾರ್ಥಿಗಳು. ಫೆಲೋಶಿಪ್ ಹೆಚ್ಚಿಸಿ ಅಂತ 2018-19ರಲ್ಲಿ ದೇಶದುದ್ದಕ್ಕೂ ಬೀದಿಗಿಳಿದಿದ್ದವರೂ ಇವರ ಪೀಳಿಗೆಯವರೇ.

ಇಲ್ಲಿ ಒಂದು ಸರಳ ಲೆಕ್ಕ ಇದೆ. ಗಾಡಿಗೆ 30 ಗ್ರಾಂ ಬೇಕಾದ ಕಡೆ 10 ಗ್ರಾಂನಲ್ಲಿ ಮುಗಿಸುವ ವಿದ್ಯೆ ಸಿಕ್ಕರೆ, ಇರುವ ಗಣಿ ಮೂರು ಪಟ್ಟು ದೊಡ್ಡದಾದ ಹಾಗೆ. ಯಾರ ಊರನ್ನೂ ಅಗೆಯದೆ, ಯಾರಿಗೂ ಗುಂಡು ಹೊಡೆಯದೆ. ಆ ವಿದ್ಯೆ ನಮ್ಮಲ್ಲಿ ಹುಟ್ಟದಿದ್ದರೆ ನಾಳೆ ಅದರ ಪೇಟೆಂಟ್ ಇಟ್ಟುಕೊಂಡವರ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ಇವತ್ತು ತೈಲ ಕಂಪನಿಗಳ ಮುಂದೆ ನಿಂತ ಹಾಗೆ.

ಹಾಗಾಗಿ ಮುಂದಿನ ಸಲ ‘ಪ್ಲಾಟಿನಂಗಿಂತ ಹತ್ತು ಪಟ್ಟು ಉತ್ತಮ’ ಅನ್ನುವ ಸುದ್ದಿ ಕಂಡರೆ ಎರಡು ಪ್ರಶ್ನೆ ಕೇಳಿ: ಬಿಲ್ಲೆಯ ಮೇಲೋ, ಸೆಲ್‌ನೊಳಗೋ? ಎಷ್ಟು ಏರಿಳಿತಗಳ ನಂತರ? ‘ಹಸಿರು ಹೈಡ್ರೋಜನ್‌ನಲ್ಲಿ ಭಾರತ ವಿಶ್ವಗುರು’ ಅನ್ನುವ ಭಾಷಣ ಕೇಳಿದರೆ ಒಂದೇ ಪ್ರಶ್ನೆ ಸಾಕು: ಆ ನೂರು ರೂಪಾಯಿಯಲ್ಲಿ ಲ್ಯಾಬಿಗೆ ಹೋಗಿದ್ದು ಎಷ್ಟು?